ಮೊದಲೇ ಹೇಳಿದವರು

“ಅದನ್ನ ನಾವೇ ತಂದಿದೀವಿ. ಕೊಡೋಕೆ ಅಂತಲೇ ತಂದಿದೀವಿ,” ಎಂದು ಡ್ರೈವರ್ ಎರಡನೇ ಸಲ ಹೇಳಿದ.

ಶಾಲೆಯ ಗೇಟಿನ ವಾಚ್‌ಮನ್ ಆ ಮಾತನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಜೊತೆಗಿದ್ದ ಮಗಳ ಚೀಲದಿಂದ ತೆಗೆದ ಹಣ್ಣಿನ ರಸದ ಬಾಟಲಿಯ ಮುಚ್ಚಳ ತಿರುಗಿಸಿ, ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದ. ಬಣ್ಣವೇನೋ ರಸದ್ದೇ, ವಾಸನೆ ಮಾತ್ರ ಬೇರೆ. ಮುಚ್ಚಳ ಬಿಗಿದು, ಬಾಟಲಿಯನ್ನು ಒಂದು ಪ್ಲಾಸ್ಟಿಕ್ ಕವರಿನೊಳಗೆ ಇಳಿಬಿಟ್ಟು, ಅದರ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ.

“ಎಲ್ಲರೂ ಏನೋ ಒಂದಕ್ಕೆ ಅಂತಲೇ ತಂದಿರ್ತಾರೆ ಯಜಮಾನ್ರೆ. ಮೊನ್ನೆ ಒಬ್ಬ, ಮೊಣಕಾಲು ನೋವಿಗೆ ಹಚ್ಕೊಳ್ಳೋಕೆ ಅಂದ.”

“ಅಲ್ಲಪ್ಪಾ, ಕದ್ದುಮುಚ್ಚಿ ತರೋರು ಅಪ್ಪನ್ನೂ ಜೊತೇಲಿ ಕರ್ಕೊಂಡು ಬರ್ತಾರಾ? ಹೆಡ್‌ಮೇಡಂ ಕೈಗೆ ಕೊಡಿಸಿ, ತಪ್ಪಾಯ್ತು ಅನ್ನಿಸೋಣ ಅಂತ ನಾನೇ ಕರ್ಕೊಂಡು ಬಂದಿದೀನಿ. ನೀನು ಚೀಲಕ್ಕೆ ಕೈ ಹಾಕೋ ಮುಂಚೇನೇ ಹೇಳಿದ್ನೋ ಇಲ್ವೋ?”

“ಹೇಳಿದ್ರಿ, ಇಲ್ಲ ಅನ್ನಲ್ಲ. ಆದ್ರೆ ಎಲ್ಲಿ ನಿಂತು ಹೇಳಿದ್ರಿ?” ವಾಚ್‌ಮನ್ ಗಲ್ಲದಿಂದಲೇ ನೆಲ ತೋರಿಸಿದ. ಗೇಟು ಉರುಳುವ ಕಬ್ಬಿಣದ ಹಳಿ ಅಪ್ಪ ಮಗಳು ಇಬ್ಬರ ಬೆನ್ನ ಹಿಂದಿತ್ತು. “ಆಚೆ ನಿಂತು ಹೇಳಿದ್ರೆ, ಚೆಲ್ಲಿ ಬನ್ನಿ ಅಂತಿದ್ದೆ. ನಾನೂ ಮಕ್ಕಳೊಂದಿಗ. ಒಳಗೆ ಕಾಲಿಟ್ಟ ಮೇಲೆ ನನ್ನ ಕೈಲಿ ಏನೂ ಇಲ್ಲ. ಮೇಲೆ ಕ್ಯಾಮೆರಾ ಇದೆ ನೋಡಿ.”

ಡ್ರೈವರ್ ತಲೆಯೆತ್ತಿ ನೋಡಿದ. ಕಂಬದ ತುದಿಯಲ್ಲಿ ಕರಿ ಗುಂಡಿಯಂಥದ್ದೊಂದು ಅವನನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಮಕ್ಕಳು ಚೀಲ ತೆರೆದು ತೋರಿಸುತ್ತ, ತಿರುತಿರುಗಿ ನೋಡುತ್ತ ಒಳಗೆ ಹೋಗುತ್ತಿದ್ದರು. ಮಗಳು ಬಾಯಿ ತೆರೆದ ಚೀಲದ ಒಂದು ಪಟ್ಟಿ ಹಿಡಿದು, ಶೂ ತುದಿಯಿಂದ ನೆಲದ ಮಣ್ಣನ್ನು ಒಂದೆಡೆ ಒತ್ತರಿಸುತ್ತ ನಿಂತಿದ್ದಳು.

ಇದು ಬೇಡ ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು. ಒಂದು ಸಲವಲ್ಲ, ಮತ್ತೆ ಮತ್ತೆ ಹೇಳಿದ್ದಳು.

ಮಗಳ ಚೀಲಕ್ಕೆ ಊಟದ ಡಬ್ಬಿ ಇಡುವುದು ಮೊದಲಿನಿಂದಲೂ ಡ್ರೈವರನ ಕೆಲಸ. ಇವತ್ತು ಡಬ್ಬಿ ಕೂರಲಿಲ್ಲ. ಅಡ್ಡ ಬಂದದ್ದನ್ನು ಎಳೆದು ನೋಡಿದರೆ ಅರ್ಧ ತುಂಬಿದ ಬಾಟಲಿ. ಮುಚ್ಚಳ ತೆಗೆದದ್ದೇ ತಡ, ಮುಖ ಹಿಂದಕ್ಕೆಳೆದುಕೊಂಡ. ಅವನು ಕುಡಿಯುವವನಲ್ಲ, ಆದರೆ ಆ ವಾಸನೆ ಅವನಿಗೆ ತಿಳಿಯದ್ದೇನಲ್ಲ.

“ಗೆಳತಿ ಒಬ್ಳು ಕೊಟ್ಳು ಅಪ್ಪ. ನಿನ್ನೆ, ಸ್ಕೂಲ್ ಬಿಟ್ಟ ಮೇಲೆ. ಎರಡು ಗುಟುಕು ಕುಡಿದೆ, ಅಷ್ಟೇ. ವಾಂತಿ ಬಂದ ಹಾಗಾಯ್ತು. ಬಿಸಾಕೋಕೆ ಜಾಗ ಸಿಗ್ಲಿಲ್ಲ, ಎಲ್ಲಾ ಕಡೆ ಜನ.” ಇಷ್ಟು ಹೇಳಿ, ತಲೆ ಒರೆಸುತ್ತಿದ್ದ ಟವೆಲ್ಲಿನಿಂದಲೇ ಮುಖ ಮುಚ್ಚಿಕೊಂಡಿದ್ದಳು. “ಚೆಲ್ಲಿಬಿಡಪ್ಪಾ. ನಿನ್ನಾಣೆ, ಇನ್ನು ಮುಟ್ಟಲ್ಲ.”

ಹೆಂಡತಿ ಆಸ್ಪತ್ರೆಯ ಲಾಂಡ್ರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದವಳು ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದಳು. ಮಗಳನ್ನು ನರ್ಸಿಂಗ್ ಓದಿಸಬೇಕೆಂಬುದು ಅವಳ ಆಸೆ. ದಿನವಿಡೀ ಅವರಿವರ ಬಿಳಿ ಕೋಟು ಒಗೆಯುತ್ತೇನೆ, ಒಂದು ದಿನ ನಿನ್ನದೂ ನನ್ನ ಕೈಗೇ ಬರಲಿ, ಆಗ ಕಾಲರನ್ನು ಇನ್ನೂ ಎರಡು ಉಜ್ಜು ಜಾಸ್ತಿ ಉಜ್ಜುತ್ತೇನೆ ಎಂದು ಮಗಳನ್ನು ರೇಗಿಸುತ್ತಿದ್ದಳು. ಈ ಕೊನೆಯ ವರ್ಷ ವಿಜ್ಞಾನದಲ್ಲಿ ಪಾಸಾದರೆ ಅದಕ್ಕೆ ದಾರಿ. ಈಗ ಅವಳು ಬಾಟಲಿಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ, “ಸಿಂಕಿಗೆ ಚೆಲ್ಲಿ ನಲ್ಲಿ ಬಿಡ್ರೀ. ಬೈಯೋದು ಬಡಿಯೋದು ಏನಿದ್ರೂ ಸಂಜೆ ಇಟ್ಕೊಳ್ಳೋಣ,” ಎಂದಳು.

“ಚೆಲ್ಲಿದ್ರೆ ಮುಚ್ಚಿಟ್ಟ ಹಾಗೆ. ಇವತ್ತು ಮುಚ್ಚಿಟ್ರೆ ನಾಳೆ ಇನ್ಯಾರೋ ಹಿಡೀತಾರೆ. ಮೊದಲೇ ಹೇಳಿದವರನ್ನ ಯಾರೂ ಏನೂ ಮಾಡಲ್ಲ.”

“ಅದು ನಿಮ್ಮ ಡಿಪೊ ಕಣಪ್ಪಾ! ಇದು ಸ್ಕೂಲು,” ಎಂದಳು ಮಗಳು.

“ನಿಯಮ ಅಂದ್ರೆ ಎಲ್ಲಾ ಕಡೆ ನಿಯಮಾನೇ. ನಡಿ. ನೀನೇ ಚೀಲದಲ್ಲಿ ಹೊತ್ಕೊಂಡು ಬಾ, ನಿನ್ನ ಕೈಯಿಂದಲೇ ಕೊಡು.”

ಬಸ್ ಡಿಪೊದಲ್ಲಿ ಬೆಳಗಾಗುವುದೇ ಊದುವುದರಿಂದ. ಕೀ ಕೈಗೆ ಸಿಗಬೇಕಾದರೆ ಡ್ರೈವರುಗಳೆಲ್ಲ ಸಾಲಾಗಿ ನಿಂತು ಕುಡಿತ ಪತ್ತೆ ಹಚ್ಚುವ ಒಂದು ಪುಟ್ಟ ಮಷೀನಿಗೆ ಉಸಿರು ಊದಬೇಕು. ಹಸಿರು ದೀಪ ಬಂದರೆ ಕೀ, ಕೆಂಪು ಬಂದರೆ ಸಸ್ಪೆಂಡು. ಆದರೆ ಆ ಸಾಲು ಮಷೀನಿಗೆ ಹೋಗುವ ಮೊದಲು ಸೂಪರ್‌ವೈಸರನ ಕಿಟಕಿಯ ಮುಂದೆ ಹಾದುಹೋಗುತ್ತದೆ. ಅಲ್ಲಿ ಬಗ್ಗಿ, “ಇವತ್ತು ನನ್ನ ಕೈಲಾಗಲ್ಲ ಸರ್” ಎಂದರೆ ಸಾಕು. ಸೂಪರ್‌ವೈಸರ್ ತಲೆಯೆತ್ತದೆ ಆ ಕೀಯನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತಾನೆ. ಆ ದಿನದ ಕೂಲಿ ಹೋಯಿತು, ಅಷ್ಟೇ. ಯಾಕೆ ಏನು ಎಂದು ಕೇಳುವವರಿಲ್ಲ. ಹೀಗೆ ಹೇಳಿ ಹೇಳಿ ‘ಕೈಲಾಗಲ್ಲ’ ಎಂದೇ ಹೆಸರಾದ ಒಬ್ಬ ಹಿರಿಯ ಡ್ರೈವರ್ ಎಲ್ಲರಿಂದ ಚಪ್ಪಾಳೆ ಹೊಡೆಸಿಕೊಂಡು ನಿವೃತ್ತನಾದ. ವಾಸನೆ ಮುಚ್ಚಲು ಲವಂಗ ಅಗಿದು ಊದಿ ಕೆಂಪು ಬರಿಸಿಕೊಂಡ ಇನ್ನೊಬ್ಬ ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಇದನ್ನು ಮಗಳು ಹುಟ್ಟುವ ಮೊದಲಿನಿಂದಲೂ ನೋಡುತ್ತ ಬಂದವನು ಡ್ರೈವರ್. ಬಸ್ಸಿನಲ್ಲಿ ಮಗಳ ಪಕ್ಕ ಕೂತು ಬರುವಾಗ ಅವನ ಎದೆ ಹಗುರವಾಗಿಯೇ ಇತ್ತು. ಒಂದು ದಿನ ಕ್ಲಾಸು ಹೋಗಬಹುದು, ನಾಲ್ಕು ಬೈಗುಳ ಬೀಳಬಹುದು ಎಂದುಕೊಂಡಿದ್ದ.

ಹೆಡ್‌ಮೇಡಂ ಅವರ ಕೋಣೆಯಲ್ಲಿ ಫ್ಯಾನು ಟಕಟಕ ಎನ್ನುತ್ತಿತ್ತು. ಆಕೆಗೆ ನೆಗಡಿ. ಕರ್ಚೀಫನ್ನು ಮಡಿಲಲ್ಲೇ ಇಟ್ಟುಕೊಂಡು, ಇಬ್ಬರಿಗೂ ಕುರ್ಚಿ ತೋರಿಸಿದರು. ಬಾಟಲಿಯ ಕವರು ಇವರಿಬ್ಬರಿಗಿಂತ ಮೊದಲೇ ಬಂದು ಮೇಜಿನ ಮೂಲೆಯಲ್ಲಿ ಕೂತಿತ್ತು. ಡ್ರೈವರ್ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಡಿಪೊದ ಕಿಟಕಿಯ ವಿಷಯವನ್ನೂ ಹೇಳಿದ. ಆಕೆ ನಡುವೆ ಬಾಯಿ ಹಾಕಲಿಲ್ಲ.

“ಕೊಟ್ಟಿದ್ದು ಯಾರಮ್ಮ?” ಎಂದು ಕೊನೆಗೆ ಹುಡುಗಿಯನ್ನು ಕೇಳಿದರು.

ಅವಳು ಚೀಲದ ಜಿಪ್ಪನ್ನು ಹಿಂದೆ ಮುಂದೆ ಎಳೆಯತೊಡಗಿದಳು.

“ಹೇಳು ಪುಟ್ಟಿ. ಕೇಳ್ತಿದಾರಲ್ಲ, ಹೇಳಿಬಿಡು.”

“ಪರವಾಗಿಲ್ಲ ಬಿಡಿ,” ಎಂದರು ಹೆಡ್‌ಮೇಡಂ. “ಹೇಳಿದ್ರೂ ಇವಳ ವಿಷಯದಲ್ಲಿ ಏನೂ ಬದಲಾಗಲ್ಲ.”

ಪರವಾಗಿಲ್ಲ ಎಂಬ ಮಾತು ಇಷ್ಟು ಕೆಟ್ಟದಾಗಿ ಕೇಳಿಸಬಹುದೆಂದು ಡ್ರೈವರನಿಗೆ ಗೊತ್ತಿರಲಿಲ್ಲ.

“ನಮ್ಮಲ್ಲೂ ಇದೆ, ನೀವು ಹೇಳೋ ಅಂಥ ಕಿಟಕಿ,” ಆಕೆ ನಿಧಾನವಾಗಿ ಹೇಳಿದರು. “ಮಗು ತಾನಾಗೇ ಬಂದು, ನಾನು ಕುಡಿದೆ, ತಪ್ಪಾಯ್ತು ಅಂದ್ರೆ ಶಿಕ್ಷೆ ಇಲ್ಲ. ಬುದ್ಧಿ ಹೇಳೋರ ಹತ್ರ ಕಳಿಸ್ತೀವಿ, ಅಲ್ಲಿಗೆ ಮುಗೀತು. ಆದ್ರೆ ವಸ್ತು ಗೇಟಿನೊಳಗೆ ವಿದ್ಯಾರ್ಥಿ ಚೀಲದಲ್ಲಿ ಸಿಕ್ಕಿದ್ರೆ ಅದಕ್ಕೆ ಬೇರೆ ನಿಯಮ. ಮದ್ಯ ಆಗ್ಲಿ, ಮಾತ್ರೆ ಆಗ್ಲಿ, ಪುಡಿ ಆಗ್ಲಿ. ಯಾಕೆ ಬಂತು, ಹೇಗೆ ಬಂತು ಅಂತ ಆ ನಿಯಮ ಕೇಳಲ್ಲ. ಈ ವರ್ಷ ಪೂರ್ತಿ ಹೊರಗೆ.”

“ಬರಿಗೈಲಿ ಬಂದು ಹೇಳಿದ್ರೆ ನಂಬ್ತಿದ್ರಾ ಮೇಡಂ?”

“ನಂಬಬೇಕು ಅಂತಲೇ ಇದೆ.”

“ಬಾಟಲಿ ಸಮೇತ ಬಂದು ಹೇಳಿದ್ರೆ?”

“ಆಗ ನಂಬೋ ಪ್ರಶ್ನೇನೇ ಬರಲ್ಲ.” ಆಕೆ ಮೂಗು ಒರೆಸಿಕೊಂಡರು. “ಕೊನೇ ಪಕ್ಷ ಅದು ನಿಮ್ಮ ಕೈಲಾದ್ರೂ ಇದ್ದಿದ್ರೆ... ಅವಳ ಚೀಲದಲ್ಲಿ ಯಾಕೆ ಹಾಕಿಸಿದ್ರಿ?”

ಅದಕ್ಕೆ ಡ್ರೈವರನ ಬಳಿ ಉತ್ತರವಿತ್ತು. ತಪ್ಪು ಮಾಡಿದವರೇ ಹೊರಬೇಕು, ಇಲ್ಲದಿದ್ದರೆ ಅದು ಅಪ್ಪನ ತಪ್ಪೊಪ್ಪಿಗೆ ಆಗುತ್ತದೆ, ಮಗಳದ್ದಾಗುವುದಿಲ್ಲ. ಬೆಳಿಗ್ಗೆ ಎಷ್ಟು ಸರಿಯೆನಿಸಿದ್ದ ಮಾತು.

“ಇದು ಕೊನೇ ವರ್ಷ ಮೇಡಂ,” ಎಂದಷ್ಟೇ ಹೇಳಿದ. “ಪರೀಕ್ಷೆ...”

“ಪರೀಕ್ಷೆ ಬರೀಬಹುದು. ರೈಲ್ವೆ ಸ್ಟೇಷನ್ ಆಚೆ ಇಂಥ ಮಕ್ಕಳಿಗೆ ಅಂತ ಒಂದು ಶಾಲೆ ಇದೆ, ಅಲ್ಲಿಂದ. ಆದ್ರೆ ಅಲ್ಲಿ ಲ್ಯಾಬ್ ಇಲ್ಲ. ವಿಜ್ಞಾನ ಬಿಡಬೇಕಾಗುತ್ತೆ.”

ಮಗಳು ಆಗ ಮೊದಲ ಸಲ ತಲೆಯೆತ್ತಿದಳು. ಹೆಡ್‌ಮೇಡಂ ಕಡೆಗಲ್ಲ, ಅಪ್ಪನ ಕಡೆಗೆ. ಸಿಟ್ಟಿನಿಂದ ನೋಡಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಚಿಕ್ಕವಳಿದ್ದಾಗ ಕಾಲಿಗೆ ಗಾಜು ಚುಚ್ಚಿಕೊಂಡು ಬಂದು, ಇವನು ಕೂತು ತೆಗೆಯುವಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು: ಅಪ್ಪ ಈಗ ಏನೋ ಮಾಡುತ್ತಾನೆ ಎಂಬಂತೆ.

“ಅದು ನಂದು,” ಎಂದ ಡ್ರೈವರ್.

“ಏನು?”

“ಆ ಬಾಟಲಿ. ನಂದೇ ಮೇಡಂ. ನಾನು ಕುಡಿಯೋದು. ಅವಸರದಲ್ಲಿ ಅವಳ ಚೀಲಕ್ಕೆ ಹಾಕ್ಬಿಟ್ಟೆ. ಹಾಗೆ ಬರ್ಕೊಳ್ಳಿ.”

ಹೆಡ್‌ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ವಾಚ್‌ಮನ್ ಎದುರು ಅವಳದ್ದು ಅಂದ್ರಿ. ನನ್ನೆದುರೂ ಅವಳದ್ದೇ ಅಂದ್ರಿ. ಈಗ ನಿಮ್ಮದಾ?”

“ಆಗ ಸುಳ್ಳು ಹೇಳಿದ್ದೆ.”

“ನಿಮಗೆ ಸುಳ್ಳು ಹೇಳಿ ರೂಢಿ ಇಲ್ಲ. ಕಿವಿ ನೋಡ್ಕೊಳ್ಳಿ, ಹೇಗೆ ಕೆಂಪಗಾಗಿದೆ.” ಅದರಲ್ಲಿ ಕುಹಕವಿರಲಿಲ್ಲ. “ಬಸ್ ಓಡಿಸೋರು ನೀವು. ಇದನ್ನ ನಾನು ಬರ್ಕೊಂಡ್ರೆ ನಿಮ್ಮ ಕೆಲಸವೂ ಹೋಗುತ್ತೆ, ಅವಳ ಶಾಲೆಯಂತೂ ಉಳಿಯಲ್ಲ. ಚೀಲ ಅವಳದ್ದೇ ಅಲ್ವಾ?”

“ನೀವು ಮನಸ್ಸು ಮಾಡಿದ್ರೆ ಆಗುತ್ತೆ ಮೇಡಂ. ಕಾಲಿಗೆ ಬೀಳ್ತೀನಿ.”

“ಬೇಡ, ಕೂತ್ಕೊಳ್ಳಿ.” ಆಕೆ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಒಂದು ಸಲ ಮನಸ್ಸು ಮಾಡಿದ್ದೆ. ಒಬ್ಬ ಹುಡುಗ, ಜೇಬಲ್ಲಿ ಮಾತ್ರೆ ಇಟ್ಕೊಂಡಿದ್ದ. ಅವರಪ್ಪ ಇದೇ ಕುರ್ಚೀಲಿ ಕೂತು, ಬಿಟ್ಬಿಡಿ ಮೇಡಂ ಅಂದ್ರು, ಬಿಟ್ಟೆ. ಆಮೇಲೆ ಇನ್ನೊಂದು ಸಲ ಬಂದು ಕೂತ್ರು. ಯಾಕೆ ಬಿಟ್ರಿ ಅಂತ ಕೇಳೋಕೆ. ಆಗ ಹುಡುಗ ಇರಲಿಲ್ಲ.”

ಫ್ಯಾನು ಟಕಟಕ ಎನ್ನುತ್ತಲೇ ಇತ್ತು. ನನ್ನ ಮಗಳು ಅಂಥವಳಲ್ಲ ಎಂದು ಹೇಳಬೇಕೆಂದುಕೊಂಡ ಡ್ರೈವರ್. ಆ ಹುಡುಗನ ಅಪ್ಪನೂ ಅದನ್ನೇ ಹೇಳಿರುತ್ತಾನೆ ಎನಿಸಿತು. ಆಕೆ ಮುಂದೆ ಚಾಚಿದ ಕಾಗದಕ್ಕೆ ಓದದೆಯೇ ಸಹಿ ಹಾಕಿದ.

ಮಗಳು ತನ್ನ ಪುಸ್ತಕಗಳನ್ನು ತರಲು ಕ್ಲಾಸಿಗೆ ಹೋದಳು. ಅವನು ವರಾಂಡದಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದ. ಆ ಕಡೆ ಲಾಂಡ್ರಿಯ ದೊಡ್ಡ ಡ್ರಮ್ಮುಗಳು ಗುಡುಗುಡು ತಿರುಗುತ್ತಿದ್ದವು. ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಒಂದು ಕ್ಲಾಸಿನ ಕಿಟಕಿಯಿಂದ ಮೂರು ತಲೆಗಳು ಇಣುಕಿದವು.

“ಚೆಲ್ಲಿ ಅಂದಿದ್ನಲ್ರೀ,” ಎಂದಳು ಹೆಂಡತಿ.

“ಹೂಂ.”

“ಚೆಲ್ಲಿ ಅಂತ ಬಾಯ್ಬಿಟ್ಟು ಹೇಳಿದ್ದೆ.”

“ಹೂಂ.”

ಡ್ರಮ್ಮುಗಳ ಸದ್ದಿನ ಮೇಲೆ ದನಿಯೇರಿಸಿ, “ಡಬ್ಬಿ ಅವಳ ಹತ್ರಾನೇ ಇದೆ ತಾನೇ? ತಿನ್ನೋಕೆ ಹೇಳಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವಳು,” ಎಂದಳು.

ಮಗಳು ಎದೆಗೆ ಪುಸ್ತಕಗಳನ್ನು ಅವಚಿಕೊಂಡು ಬಂದಳು. ಚೀಲದಲ್ಲಿ ಡಬ್ಬಿಯೊಂದೇ ಇದ್ದರೂ ಅವನ್ನು ಅದರೊಳಗೆ ಹಾಕಿರಲಿಲ್ಲ. ಅವನು ಕೈ ಚಾಚಿದ; ಕೊಡಲಿಲ್ಲ. ಗೇಟಿನಲ್ಲಿ ವಾಚ್‌ಮನ್ ಈ ಸಲ ಎದ್ದು ನಿಂತು, ಗೇಟು ತಳ್ಳಿ ದಾರಿ ಬಿಟ್ಟ.

ಬಸ್ ಸ್ಟಾಪಿನಲ್ಲಿ ಹೊತ್ತಲ್ಲದ ಹೊತ್ತು. ಕಲ್ಲು ಬೆಂಚಿನ ಮೇಲೆ ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಅವಳು ಕೂತಳು.

“ಪುಟ್ಟಿ,” ಎಂದ. “ನಾನು ಅಂದ್ಕೊಂಡಿದ್ದು...”

“ಬಸ್ ಬಂತು,” ಎಂದು ಅವಳು ಎದ್ದಳು.

ಓಡಿಸುತ್ತಿದ್ದವನು ಅವರದೇ ಡಿಪೊದ ಹುಡುಗ, ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ದಿನವಾಗಿಲ್ಲ. ಇವನನ್ನು ಕಂಡದ್ದೇ ಬಾಯ್ತುಂಬ ನಕ್ಕ. “ಏನಣ್ಣಾ, ರಜಾ ಹಾಕಿದ್ಯಂತೆ! ನೀನು ರಜಾ ಹಾಕಿದ್ದು ನೋಡಿ ಸೂಪರ್‌ವೈಸರ್‌ಗೇ ಜ್ವರ ಬಂದಿದೆ. ಏನ್ ಪುಟ್ಟಮ್ಮಾ, ನೀನೂ ಸ್ಕೂಲಿಗೆ ಚಕ್ಕರ್ರಾ?”

ಡ್ರೈವರ್ ಬಾಯಿ ತೆರೆದ.

“ಅಪ್ಪನಿಗೆ ಹುಷಾರಿಲ್ಲ ಅಂಕಲ್,” ಎಂದಳು ಮಗಳು. ಅವಳ ದನಿ ಒಂದಿಷ್ಟೂ ಅಲುಗಲಿಲ್ಲ. “ದಾರೀಲಿ ತಲೆಸುತ್ತು ಬಂತು. ಮನೆಗೆ ಕರ್ಕೊಂಡು ಹೋಗ್ತಿದೀನಿ.”

“ಅಯ್ಯೋ! ಏನಣ್ಣಾ ನೀನು, ಹೇಳೋದಲ್ವಾ? ಕೂತ್ಕೊ, ಮೊದಲು ಮುಂದಿನ ಸೀಟಲ್ಲಿ ಕೂತ್ಕೊ.”

ಮಗಳು ಅವನ ಮೊಣಕೈ ಹಿಡಿದು ಕೂರಿಸಿದಳು, ಕೂರಿಸಿ ಕೈ ಬಿಟ್ಟಳು. ಅವನು ತಲೆಯನ್ನು ಗಾಜಿಗೆ ಆನಿಸಿ ಕಣ್ಣು ಮುಚ್ಚಿದ. ರಸ್ತೆಯುದ್ದಕ್ಕೂ ಪೈಪು ಹಾಕಲು ಅಗೆದು ಮುಚ್ಚಿದ ಗುಂಡಿಗಳು. ಆ ಹುಡುಗ ಗಳಿಗೆಗೊಮ್ಮೆ ಕನ್ನಡಿಯಲ್ಲಿ ಹಿಂದೆ ನೋಡುತ್ತ, ಗುಂಡಿ ಬಂದಲ್ಲೆಲ್ಲ ಬಸ್ಸು ನಿಂತೇ ಹೋಯಿತೇನೋ ಎನ್ನುವಷ್ಟು ನಿಧಾನವಾಗಿ ಇಳಿಸಿ, ಅಷ್ಟೇ ನಿಧಾನವಾಗಿ ಹತ್ತಿಸುತ್ತಿದ್ದ.