ಕೊನೆಯಿಂದ ಎರಡನೇ ಸಾಲು

"ನದಿ ಯಾರಪ್ಪನ ಆಸ್ತಿನೂ ಅಲ್ಲ ಅಂತೀರಲ್ಲ ಸಾರ್, ಮತ್ತೆ ಬೇಲಿ ಯಾಕೆ ನಿಮ್ಮಪ್ಪನ ಹಿತ್ತಲಿಗೆ ಹಾಕಿದ ಹಾಗೆ ಹಾಕ್ತೀರಿ?" ಬಲೆ ಹೆಣೆಯುವವನು ಮೈಕಿಗೆ ಬಾಯಿ ತಾಗಿಸಿ ಕೇಳಿದ. ಸಾರ್ವಜನಿಕ ಅಹವಾಲಿಗೆ ಸೇರಿದ್ದ ಸಭಾಂಗಣ ಗೊಳ್ಳೆಂದು ನಕ್ಕಿತು. ವೇದಿಕೆಯ ಮೂಲೆಯಲ್ಲಿ ಕೂತಿದ್ದ ಸ್ಟೆನೋ ನಗಲಿಲ್ಲ. ಬೇಲಿ, ಅಪ್ಪ, ಹಿತ್ತಲು ಎಲ್ಲವನ್ನೂ ಗೀಟು ಚುಕ್ಕೆಗಳಲ್ಲಿ ಹಿಡಿದು ಪುಟ ತಿರುವಿದಳು.

ಅವಳು ಕಾಯುತ್ತಿದ್ದದ್ದು ಪ್ರೊಫೆಸರರ ನಾಲಗೆ ಜಾರುವುದನ್ನು. ವಿಶ್ವವಿದ್ಯಾಲಯದ ಸಂಶೋಧನಾ ಪಾರ್ಕಿಗೆ ಅವರೇ ನಿರ್ದೇಶಕರು. ಅದು ಏಳಬೇಕಾದದ್ದು ನದಿ ದಂಡೆಯ ಮೀನುಕಟ್ಟೆಯ ಜಾಗದಲ್ಲಿ. ಅವಳ ಅಮ್ಮ ನಲವತ್ತು ವರ್ಷದಿಂದ ಮೀನು ಸೀಳುತ್ತಿದ್ದ ಕಲ್ಲು ಇರುವಲ್ಲಿ. ಬೆಳಗ್ಗೆಯಿಂದ ಅವರು ಮೂರು ಸಲ ಎದ್ದು ಮಾತಾಡಿದ್ದರು. ಮೂರು ಸಲವೂ ಬೆಣ್ಣೆ. "ದಂಡೆಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅನುಭವದ ಮುಂದೆ ನಮ್ಮ ಓದು ಎಷ್ಟರದ್ದು?"

ಹನ್ನೊಂದು ವರ್ಷದ ಹಿಂದೆ ಅವರಿಗೆ ಬೆಣ್ಣೆ ಬೇಕಾಗಿರಲಿಲ್ಲ. ಆಗ ಅವಳು ಅವರ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿನಿ. ಮೂರು ವರ್ಷ ಬರೆದ ಪ್ರಬಂಧದ ಕಟ್ಟನ್ನು ಮೇಜಿನ ಮೇಲಿಟ್ಟಾಗ ಅವರು ಅದನ್ನು ಬಿಚ್ಚಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದರು. "ದಂಡೆಯವರು ಎಷ್ಟು ಓದಿದ್ರೂ ಅಷ್ಟೇ. ಆ ನಾತ ಮೈ ಬಿಟ್ಟು ಹೋಗಲ್ಲ," ಎಂದರು, ಹೊರಗಿನ ಮರಕ್ಕೆ ಹೇಳುವವರ ಹಾಗೆ. ಮುಂದಿನ ವಾರ ಸಂಶೋಧನಾ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮನೆಯಲ್ಲಿ ಅವಳು "ಓದು ಬೇಜಾರಾಯ್ತು" ಎಂದಷ್ಟೇ ಹೇಳಿದಳು. ಅಮ್ಮ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದಳು.

ಇವತ್ತು ಬೆಳಗ್ಗೆ ಪ್ರೊಫೆಸರರು ಅವಳನ್ನು ನೋಡಿ, "ಸ್ವಲ್ಪ ನೀರು ತರಿಸಮ್ಮ," ಅಂದಿದ್ದರು. ಗುರುತೇ ಸಿಕ್ಕಿರಲಿಲ್ಲ.

ಕೊನೆಯ ಭಾಷಣವೂ ನುಣ್ಣಗೇ ಹೋಯಿತು. ಮುಗಿಸುವ ಮುಂಚೆ ಒಮ್ಮೆ ಮೈಕ್ ಪಕ್ಕಕ್ಕೆ ಸರಿಸಿ, ಬಗ್ಗಿ, ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಯ ಕಿವಿಯಲ್ಲಿ "ಕಾರು ಬಂತಾ ನೋಡಿ" ಎಂದರು. ಮತ್ತೆ ಮೈಕ್ ಎಳೆದುಕೊಂಡು "ನಿಮ್ಮೆಲ್ಲರ ಬದುಕು ಹಸನಾಗಲಿ" ಎಂದು ಕೈಮುಗಿದರು.

ನಡಾವಳಿಯನ್ನು ಜನರ ಮುಂದೆ ಓದಿ ಹೇಳಿದ ಮೇಲೆಯೇ ಸಭೆ ಮುಗಿಯಬೇಕೆಂಬುದು ನಿಯಮ. "ಅರ್ಧ ಗಂಟೆ ತಗೋ. ಬೈಗುಳ ತೆಗೆದುಬಿಡು, ದೊಡ್ಡವರ ಮಾತು ಸ್ವಲ್ಪ ತಿದ್ದು," ಎಂದು ಹೇಳಿ ಅಧಿಕಾರಿ ಚಹಾಕ್ಕೆ ಹೋದರು. ಪಕ್ಕದ ಕೋಣೆಯಲ್ಲಿ ಅವಳು ಟೈಪು ಮಾಡಲು ಕೂತಳು. ಅವಳ ಬರಹದಲ್ಲಿ ತಪ್ಪಿದೆಯೆಂದು ಇಷ್ಟು ವರ್ಷದಲ್ಲಿ ಯಾರೂ ಬೆರಳು ತೋರಿಸಿರಲಿಲ್ಲ. ಇಬ್ಬರು ವಕೀಲರು ತೋರಿಸಲು ಹೋಗಿ ಮುಖ ಒರೆಸಿಕೊಂಡು ಬಂದಿದ್ದರು. ಅವಳು ಸಂಪಾದಿಸಿಟ್ಟುಕೊಂಡಿದ್ದದ್ದು ಅದೊಂದೇ.

'ಬದುಕು ಹಸನಾಗಲಿ' ಎಂಬ ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಅವಳು ಅದರ ಮೇಲೆ ಒಂದು ಸಾಲು ಜಾಗ ಮಾಡಿದಳು.

ಓದುವಾಗ ಅವಳ ದನಿ ಎಂದಿನ ಹಾಗೇ ಇತ್ತು, ಏರಲಿಲ್ಲ, ಇಳಿಯಲಿಲ್ಲ. ಬಲೆಯವನ ಅಪ್ಪನೂ ಹಿತ್ತಲೂ ಬಂದುಹೋದವು, ಜನ ಮತ್ತೊಮ್ಮೆ ನಕ್ಕರು. "ನಂತರ ನಿರ್ದೇಶಕರು ಮೈಕ್ ಸರಿಸಿ ಪಕ್ಕದವರಿಗೆ: ದಂಡೆಯವರು ಎಷ್ಟು ಓದಿದ್ರೂ ಅಷ್ಟೇ. ಆ ನಾತ ಮೈ ಬಿಟ್ಟು ಹೋಗಲ್ಲ. ನಂತರ ಮೈಕಿನಲ್ಲಿ: ನಿಮ್ಮೆಲ್ಲರ ಬದುಕು ಹಸನಾಗಲಿ."

ಹಿಂದೆ ಎಲ್ಲೋ ಒಂದು ಕುರ್ಚಿ ಬಿತ್ತು. ಆಮೇಲೆ ಎಲ್ಲರೂ ಎದ್ದರು.

"ಸುಳ್ಳು! ನಾನು ಹಾಗಂದಿಲ್ಲ!" ಪ್ರೊಫೆಸರರು ಮೇಜು ಗುದ್ದಿದರು. "ನೀವೇ ಹೇಳ್ರೀ, ನಿಮ್ಮ ಕಿವೀಲಲ್ವಾ ನಾನು ಹೇಳಿದ್ದು?"

ಅಧಿಕಾರಿ ವೇದಿಕೆಯತ್ತ ನುಗ್ಗುತ್ತಿದ್ದ ಜನರನ್ನು ನೋಡಿದರು. "ಗಲಾಟೇಲಿ ನನಗೆ ಸರಿಯಾಗಿ ಕೇಳಿಸಲಿಲ್ಲ ಸಾರ್."

"ಅವಳ ನಡಾವಳೀಲಿದ್ರೆ ಮುಗೀತು!" ಬಲೆಯವನು ಕೂಗಿದ. "ಅದು ಯಾವತ್ತೂ ಸುಳ್ಳು ಹೇಳಿಲ್ಲ!"

"ನಿಮ್ಮದೇ ಮಾತು ಸಾರ್," ಎಂದಳು ಅವಳು, ಅವರೊಬ್ಬರಿಗೇ ಕೇಳುವಷ್ಟು. "ಕಿಟಕಿ ತೆಗೀತಾ ಅಂದ್ರಿ."

ಅವರು ತಿರುಗಿ ಸಭಾಂಗಣದ ಕಿಟಕಿಗಳನ್ನು ನೋಡಿದರು. ಎಲ್ಲವೂ ಮುಚ್ಚಿದ್ದವು. ಆಮೇಲೆ ಅವಳ ಮುಖ ನೋಡಿದರು, ಬಹಳ ಹೊತ್ತು. ಮೆಲ್ಲಗೆ ಕುರ್ಚಿ ತಡಕಿ ಕೂತರು. ಅದನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಸಭೆ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಯಿತು.

ಹೊರಗೆ ಮೆಟ್ಟಿಲ ಬುಡದಲ್ಲಿ ಅಮ್ಮ ನಿಂತಿದ್ದಳು.

"ನಾನು ಮುಂದಿನ ಸಾಲಲ್ಲೇ ಇದ್ದೆ ಕಣೇ," ಎಂದಳು. "ಕಾರು ಬಂತಾ ಅಂತ ಕೇಳಿದ ಅವನು. ಅಷ್ಟೇ."

ಮಗಳು ಪೆನ್ಸಿಲನ್ನು ಚೀಲಕ್ಕೆ ಹಾಕಿದಳು.

"ನೀನು ಇಲ್ಲದ್ದು ಬರೆಯೋಳಲ್ಲ. ಆ ಮಾತು ಯಾವತ್ತು ಅಂದಿದ್ದು?" ಅಮ್ಮ ಕೇಳಿದಳು.

"ನಾನು ಓದು ಬಿಟ್ಟೆನಲ್ಲ, ಆಗ."

ಬಲೆಯವನು ಕುಣಿಯುತ್ತಾ ಮೆಟ್ಟಿಲಿಳಿದು ಬಂದ. "ಅಕ್ಕಾ, ಹೆತ್ತರೆ ಇಂಥವಳನ್ನ ಹೆರಬೇಕು! ಅವನ ಮುಖ ನೋಡಿದ್ಯಾ?" ಅಮ್ಮ ಅವನಿಗೆ ನಕ್ಕು ತಲೆಯಾಡಿಸಿದಳು.

ಅವನು ದಾಟಿಹೋದ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅಮ್ಮ ಮೀನು ಸೀಳುವ ಬಲಗೈಯನ್ನು ನಿಧಾನವಾಗಿ ಮೂಗಿನ ಹತ್ತಿರ ತಂದಳು. ಆಮೇಲೆ ಮಗಳ ಪಕ್ಕದಿಂದ ಒಂದು ಮೊಳ ಸರಿದು ನಡೆಯತೊಡಗಿದಳು.