ಹೆಸರು ತೆಗೆದ ಮೇಲೆ ಉಳಿದವನು

“ಲೇ ಉಚ್ಚೆಬುರ್ಕ, ಬಂದ್ರೆ ಮೇಲೆ ಹತ್ತಿ ಬಂದು ಹುಯ್ಯೋ! ಸುಣ್ಣದ ನೀರು ಕೆಟ್ಟೋದ್ರೆ ಸಾಹುಕಾರ್ರು ನಿನ್ನ ತೊಗಲನ್ನೇ ನೆನೆಹಾಕ್ತಾರೆ!”

ತೊಗಲು ಹದ ಮಾಡುವ ಕಾರ್ಖಾನೆಯ ಗುಂಡಿಯ ದಂಡೆಯ ಮೇಲೆ ನಿಂತು ಮೇಸ್ತ್ರಿ ಕೂಗಿದ. ನಾನು ತೊಡೆಮಟ್ಟದ ಸುಣ್ಣದ ನೀರಿನಲ್ಲಿ ನಿಂತು, ನೆನೆದು ಕಲ್ಲಿನಷ್ಟು ಭಾರವಾಗಿದ್ದ ತೊಗಲೊಂದನ್ನು ಕೊಕ್ಕೆ ಹಾಕಿ ಎಳೆಯುತ್ತಿದ್ದೆ. ಅಕ್ಕಪಕ್ಕದ ಗುಂಡಿಯವರು ನಕ್ಕರು. ನಾನೂ ನಕ್ಕೆ. ನಗದಿದ್ದರೆ ನಿಜವೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದುಕೊಂಡಿದ್ದೆ. ನಕ್ಕ ಮೇಲೂ ಒಪ್ಪಿಕೊಂಡ ಹಾಗೇ ಆಯಿತು.

ಅಲ್ಲಿಯವರೆಗೂ ಎಲ್ಲರೂ ನನ್ನನ್ನು ಆರ್ಬೆರಳು ಎನ್ನುತ್ತಿದ್ದರು. ಎಡಗೈ ಹೆಬ್ಬೆರಳಿಗೆ ಅಂಟಿಕೊಂಡು ಇನ್ನೊಂದು ಪುಟ್ಟ ಬೆರಳಿದೆ. ಕೆಲಸಕ್ಕೆ ಬಾರದು, ಊಟದ ಹೊತ್ತಿಗೆ ಮಾತ್ರ ಮುಂದೆ ಬರುತ್ತದೆ. ನನ್ನವಳ ಪ್ರಕಾರ ಥೇಟ್ ನನ್ನ ಹಾಗೆ. ಈ ಎರಡನೆಯ ಬಿರುದು ಹೊಸದು. ಇಂಟರ್ನೆಟ್ಟಿನಿಂದ ಬಂದದ್ದು. ನಮ್ಮ ಪೈಕಿ ಯಾರಿಗೂ ಅಷ್ಟು ದೂರದಿಂದ ಬಿರುದು ಬಂದಿರಲಿಲ್ಲ.

ಆದದ್ದು ಇಷ್ಟು. ಸುಣ್ಣದಲ್ಲಿ ನಿಂತೂ ನಿಂತೂ ನಮ್ಮೆಲ್ಲರ ಕಾಲಲ್ಲಿ ಹುಣ್ಣು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹುಣ್ಣಿಗೊಂದು ಹೊಸ ಮಾತ್ರೆ ಬಂದಿದೆ, ಪ್ರಯೋಗಕ್ಕೆ ಜನ ಬೇಕು ಎಂದರು. ಬೇರೆ ಬೇರೆ ತೊಗಲು ಕಾರ್ಖಾನೆಗಳಿಂದ ಜನ ಹೋದರು. ನಮ್ಮಲ್ಲಿ ಉಳಿದವರು ಸಾಹುಕಾರರಿಗೆ ಹೆದರಿದರು, ನಾನೊಬ್ಬ ಹೋದೆ. ಕೆಲವರಿಗೆ ಅಸಲಿ ಮಾತ್ರೆ, ಕೆಲವರಿಗೆ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ನುಂಗುವವರಿಗೂ ಹೇಳುವುದಿಲ್ಲ. ಹಾಸಿಗೆ ಒದ್ದೆಯಾಗತೊಡಗಿದಾಗ ನನ್ನದು ಅಸಲಿ ಎಂದು ತಿಳಿಯಿತು. ಹುಟ್ಟಿದಾಗಿನಿಂದ ನನ್ನ ಪಾಲಿಗೆ ಬಂದ ಅಸಲಿ ಮಾಲು ಅದೊಂದೇ. ಮಾತ್ರೆ ನಿಲ್ಲಿಸಿದರೂ ಅದು ನಿಲ್ಲಲಿಲ್ಲ.

ಡಾಕ್ಟರಮ್ಮ ಮೊದಲೇ ಹೇಳಿದ್ದರು.

“ಪ್ರಯೋಗದ ವಿವರ ಎಲ್ಲಾ ಇಂಟರ್ನೆಟ್‌ಗೆ ಹಾಕ್ತೀವಪ್ಪ. ಯಾವ ದೇಶದ ವಿದ್ವಾಂಸರು ಬೇಕಾದ್ರೂ ಓದಿ ಪರೀಕ್ಷೆ ಮಾಡಬಹುದು. ಆದ್ರೆ ನಿಮ್ಮ ಹೆಸರು ತೆಗೆದುಬಿಡ್ತೀವಿ. ಇದು ನೀವೇ ಅಂತ ಯಾರಿಗೂ ಗೊತ್ತಾಗಲ್ಲ.”

“ನನ್ನ ಹೆಸರು ಈಗ್ಲೂ ಯಾರಿಗೂ ಗೊತ್ತಿಲ್ಲ ತಾಯಿ.”

ತಮಾಷೆ ಎಂದುಕೊಂಡು ಅವರು ನಕ್ಕರು.

ಅವರು ಮಾತಿಗೆ ತಪ್ಪಲಿಲ್ಲ. ಹೆಸರು ತೆಗೆದರು. ಬೆರಳನ್ನು ಹಾಗೇ ಉಳಿಸಿದರು. ಸಾಹುಕಾರರ ಮಗ ಆಫೀಸಿನ ಮೆಟ್ಟಿಲ ಮೇಲೆ ನಿಂತು, ಫೋನು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಓದಿದ: “ಗಂಡಸು. ಐವತ್ತರ ಆಸುಪಾಸು. ಎಡಗೈಗೆ ಆರು ಬೆರಳು. ಸುಣ್ಣದ ಗುಂಡಿಯ ಕೆಲಸ. ಮಾತ್ರೆ ಶುರುವಾದ ಮೇಲೆ ನಿದ್ದೆಯಲ್ಲಿ ಮೂತ್ರದ ಹತೋಟಿ ಇಲ್ಲ.” ಬೆರಳಿನ ಬದಲು ಬರೀ ನನ್ನ ಹೆಸರು ಇದ್ದಿದ್ದರೆ, ದೇವರಾಣೆಗೂ ಯಾರಿಗೂ ಗುರುತು ಸಿಗುತ್ತಿರಲಿಲ್ಲ.

ಸಾಹುಕಾರರು ನನ್ನನ್ನು ಕರೆಸಿದರು. ನಾನು ಹೊಸ್ತಿಲ ಆಚೆ ನಿಂತೆ. ಅವರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡಿದರು.

“ಎಲ್ಲಿಯವನೋ ವಿದ್ವಾಂಸನಂತೆ, ಅದನ್ನೆಲ್ಲ ಓದಿ ಸರ್ಕಾರಕ್ಕೆ ಬರೆದಿದಾನಂತೆ. ಗುಂಡಿ ಇರೋ ಕಾರ್ಖಾನೆಗೆಲ್ಲ ತನಿಖೆ ಬರುತ್ತೆ. ನಿನ್ನ ಉಚ್ಚೆ ನನ್ನ ಬಾಗಿಲಿಗೆ ಬಂತಲ್ಲೋ ಬೋಳಿಮಗನೆ!”

“ನಾನೇನೂ ಬರೆದಿಲ್ಲ ಧಣಿ, ನನಗೆ ಓದೋಕೇ ಬರಲ್ಲ.”

“ಅದರಲ್ಲಿ ಹೆಸರಿಲ್ಲ. ಹೆಸರಿಲ್ಲ ಅಂದ್ರೆ ಮನುಷ್ಯ ಇಲ್ಲ. ಸಾಹೇಬ್ರು ಬಂದ ದಿನ ಬಾಯಿ ಬಿಟ್ಯೋ, ಗಂಡ ಹೆಂಡ್ತಿ ಇಬ್ರೂ ಗೇಟಿನ ಆಚೆ.”

ಮಾರನೇ ದಿನ ನನ್ನವಳು ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅವಳೂ ಅದೇ ಕಾರ್ಖಾನೆಯಲ್ಲಿ ತೊಗಲಿನ ಕೂದಲು ಹೆರೆಯುವವಳು. ವಿಷಯ ಕೇಳಿ ಡಾಕ್ಟರಮ್ಮನ ಮುಖ ಕಪ್ಪಿಟ್ಟಿತು.

“ಬೆರಳಿನ ಮಾತು ಅದರಲ್ಲಿ ಉಳಿಸಬಾರದಿತ್ತು. ನಮ್ಮದೇ ತಪ್ಪು, ಕ್ಷಮಿಸಿ. ಇವತ್ತೇ ಇಂಟರ್ನೆಟ್‌ನಲ್ಲಿರೋ ಪಟ್ಟಿಯಿಂದ ನಿಮ್ಮ ಸಾಲು ಪೂರ್ತಿ ತೆಗೆಸ್ತೀನಿ.”

ನನಗೆ ಕುಣಿಯುವಷ್ಟು ಖುಷಿಯಾಯಿತು. ನನ್ನವಳು ಮಾತ್ರ ಕೇಳಿದಳು: “ಆ ವಿದ್ವಾಂಸ ಏನು ಕಂಡನಂತೆ ಅಮ್ಮಾ?”

“ಗುಂಡಿ ಬಿಟ್ಟು ಬೇರೆ ಕೆಲಸಕ್ಕೆ ಹೋದವರಿಗೆ ಹಿಟ್ಟಿನ ಮಾತ್ರೆಯಲ್ಲೂ ಹುಣ್ಣು ಒಣಗಿದೆ. ಗುಂಡಿಯಲ್ಲೇ ಇದ್ದವರಿಗೆ ಅಸಲಿ ಮಾತ್ರೆಯಲ್ಲೂ ಒಣಗಿಲ್ಲ. ನಾವು ಮಾತ್ರೆಯನ್ನಷ್ಟೇ ನೋಡ್ತಿದ್ವಿ. ಅವರು ಗುಂಡಿ ನೋಡಿದ್ರು.”

“ಇವರ ಸಾಲು ತೆಗೆದ್ರೆ?”

“ನಿಮ್ಮ ಕಾರ್ಖಾನೆಯಿಂದ ಬಂದಿದ್ದು ಇವರೊಬ್ಬರೇ. ನಿಮ್ಮ ಗುಂಡಿಯ ಸುದ್ದಿ ಅಲ್ಲಿಗೆ ಮುಗೀತು.”

ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

“ಊರಿಗೆಲ್ಲಾ ಗೊತ್ತಾಗೋಗಿದೆ, ಇನ್ಯಾರಿಂದ ಮುಚ್ಚಿಡ್ತೀರಿ?” ಎಂದಳು. “ಹಾಸಿಗೆ ಒಗೆಯೋಳು ನಾನು. ನನಗಿಲ್ಲದ ನಾಚಿಕೆ ನಿಮಗ್ಯಾಕೆ?”

ಡಾಕ್ಟರಮ್ಮನ ಎದುರೇ ಹಾಗೆಂದಳು. ಗಂಡಸಾದವನು ಆಗ ಎದೆ ಉಬ್ಬಿಸಿ ಏನಾದರೂ ಹೇಳಬೇಕು. ನಾನು “ಹೂಂ, ಸಾಲು ಇರಲಿ ಬಿಡಿ ತಾಯಿ” ಎಂದೆ, ಅದೂ ಗೋಡೆಗೆ.

ತನಿಖೆಯ ದಿನ ಬೆಳಿಗ್ಗೆ ನಮಗೆಲ್ಲ ಮದುವೆ ಗಂಡಿನ ಉಪಚಾರ. ಮೊದಲ ಸಲ ರಬ್ಬರ್ ಬೂಟು, ಗ್ಲೌಸು. ಬೂಟಿನ ಚೀಟಿಯನ್ನೂ ಕಿತ್ತಿರಲಿಲ್ಲ. ಗ್ಲೌಸಿಗೆ ಐದೇ ಬೆರಳು. ನನ್ನ ಎಡಗೈ ಎಷ್ಟು ತುರುಕಿದರೂ ಹೋಗಲಿಲ್ಲ. “ಆ ಕೈನ ಪಂಚೇಲಿ ಮರೆಸ್ಕೊಂಡು ಹಿಂದೆ ನಿಂತ್ಕೊ, ಅಪಶಕುನ” ಎಂದ ಮೇಸ್ತ್ರಿ.

ಅಧಿಕಾರಿ ಗುಂಡಿಗಳ ಪಕ್ಕದಲ್ಲೇ ಮೇಜು ಹಾಕಿಸಿಕೊಂಡು ಕೂತರು. “ಕಾಲಲ್ಲಿ ಹುಣ್ಣು ಯಾರಿಗಾದ್ರೂ ಇದೆಯಾ?”

ಎಲ್ಲರೂ ಹೊಸ ಬೂಟು ನೋಡಿಕೊಂಡರು.

“ಇಂಟರ್ನೆಟ್ಟಲ್ಲಿ ಒಬ್ಬನ ವಿಷಯ ಇದೆ. ಅವನು ನಿಮ್ಮೋನಾ?”

“ಹೆಸರಿಲ್ಲದ ಮಾತು ಬಿಡಿ ಸಾರ್,” ಎಂದರು ಸಾಹುಕಾರರು.

ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಹಿಂದಿನಿಂದ ನನ್ನವಳು ಬೆನ್ನಿಗೆ ತಿವಿದಳು, ನಾನು ಮುಂದಕ್ಕೆ ಮುಗ್ಗರಿಸಿದೆ. ಮುಗ್ಗರಿಸಿದವನು ಅಲ್ಲೇ ನಿಂತೆ. ಬೂಟು ಕಳಚಿ, ಪಂಚೆ ಎತ್ತಿ ಕಾಲು ತೋರಿಸಿದೆ. ಅಪ್ಪ ಇಟ್ಟ ಹೆಸರನ್ನು ಪೂರ್ತಿಯಾಗಿ ಹೇಳಿದೆ.

ಸಾಹುಕಾರರು ಮೇಸ್ತ್ರಿಯ ಮುಖ ನೋಡಿದರು. “ಆ ಹೆಸರಿನೋನು ನಮ್ಮಲ್ಲಿ ಯಾರೂ ಇಲ್ಲವಲ್ಲ?” ಸಾಹುಕಾರರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಜೊತೆಯವರೂ ಯಾರಪ್ಪ ಅದು ಎಂದು ಸುತ್ತ ನೋಡಿದರು. ಬಳಕೆ ತಪ್ಪಿ ನನಗೇ ಅದು ಇನ್ಯಾರದೋ ಹೆಸರಿನಂತೆ ಕೇಳಿಸಿತು.

“ಹಾಸಿಗೆ ಒದ್ದೆ ಮಾಡೋನು ನಾನೇ ಸ್ವಾಮಿ,” ಎಂದೆ. “ಮೇಸ್ತ್ರಿನ ಕೇಳಿ. ದಿನಾ ಕೂಗಿ ಹೇಳ್ತಾರೆ.”

ಯಾರೂ ನಗಲಿಲ್ಲ. ಒಬ್ಬ ಬಗ್ಗಿ ತನ್ನ ಬೂಟು ಕಳಚಿದ. ಅವನ ಪಕ್ಕದವಳು ಕಳಚಿದಳು. ಆಮೇಲೆ ಬೂಟು ಬೀಳುವ ಸದ್ದೇ ಸದ್ದು. ಅಧಿಕಾರಿ ಆ ಕಾಲುಗಳನ್ನು ನೋಡಿ ಬೇಗ ಕಣ್ಣು ಬೇರೆ ಕಡೆ ತಿರುಗಿಸಿದರು.

“ಇದು ಗುಂಡಿಯಿಂದಲೇ ಅಂತ ಹೇಗೆ ಹೇಳೋದು? ನಿಮ್ಮಂಥವರಲ್ಲಿ ಶುಚಿ ಕಮ್ಮಿ.”

“ಹಾಗ್ಹೇಳಿ ಸಾರ್,” ಸಾಹುಕಾರರು ಮುಂದೆ ಬಾಗಿದರು, “ನೆಟ್ಟಗೆ ಸ್ನಾನ ಮಾಡಲ್ಲ ಇವರು.”

ನನ್ನವಳು ಬಕೆಟ್ಟು ಎತ್ತಿಕೊಂಡು ಗುಂಡಿಯ ಕಡೆ ಹೋದಳು. ಅದರ ತುಂಬ ಸುಣ್ಣದ ನೀರು ಮೊಗೆದು ತಂದು, ಅಧಿಕಾರಿಯ ಕಾಗದಗಳ ಮೇಲೆಯೇ ಇಟ್ಟಳು. ಬೆಳ್ಳಗಿನ ನೀರು ತುಳುಕಿ ಮೇಜಿನ ಅಂಚಿನಿಂದ ತೊಟ್ಟಿಕ್ಕಿತು.

“ದಿನಾ ಇದರಲ್ಲೇ ಸ್ವಾಮಿ ಸ್ನಾನ,” ಎಂದಳು. “ಕೈ ಇಡಿ.”

ಅಧಿಕಾರಿ ಕೈಗಳನ್ನು ಮಡಿಲಿಗೆ ಎಳೆದುಕೊಂಡರು.

“ಎಳ್ಕೊಂಡು ಹೋಗ್ರೋ ಈ ಮುಂಡೇನ!” ಸಾಹುಕಾರರು ಅರಚಿದರು. ಮೇಸ್ತ್ರಿ ಒಂದು ಹೆಜ್ಜೆ ಇಟ್ಟ. ಮೇಜಿನ ಸುತ್ತ ನಿಂತ ಬರಿಗಾಲುಗಳನ್ನು ನೋಡಿ ಅಲ್ಲೇ ನಿಂತ. ಒಂದು ಗುಂಡಿಯಲ್ಲೂ ಜನ ಇರಲಿಲ್ಲ.

ಅವಳು ಬಕೆಟ್ಟನ್ನು ಅಧಿಕಾರಿಯ ಕಡೆ ಇನ್ನಷ್ಟು ಸರಿಸಿದಳು.

“ಇಡಿ ಸ್ವಾಮಿ. ನಮಗೇನೂ ಅವಸರ ಇಲ್ಲ.”