ಇಳಿಯುವ ಭಾರ

ಮಾಜಿವಾಡಾದ ಆ ಇಪ್ಪತ್ತೆರಡು ಮಹಡಿಯ ಕಟ್ಟಡದಲ್ಲಿ ಮರಳಿನ ಮೂಟೆಗಳು ಲಿಫ್ಟಿನಲ್ಲಿ ಓಡಾಡುತ್ತಿದ್ದವು, ಈರವ್ವ ಮೆಟ್ಟಿಲು ಹತ್ತುತ್ತಿದ್ದಳು. ಮನೆಮಾಲೀಕರ ಸೊಸೈಟಿಯ ಸೆಕ್ರೆಟರಿ ವಿಷ್ಣುಮೂರ್ತಿಯವರ ತಲೆಯಿಂದ ಬಂದ ಏರ್ಪಾಡು ಅದು. ಹಗಲು ತಾರಸಿಯ ಸೋಲಾರ್ ಕರೆಂಟು ಮಿಕ್ಕುತ್ತದೆ. ಅದರಿಂದ ಸರ್ವಿಸ್ ಲಿಫ್ಟು ಮೂಟೆಗಳನ್ನು ಮೇಲಕ್ಕೆ ಸಾಗಿಸುತ್ತದೆ. ಸಂಜೆ ಅವೇ ಮೂಟೆಗಳು ಇಳಿಯುವಾಗ ಆ ಭಾರಕ್ಕೆ ಮೋಟರು ತಿರುಗಿ ಕರೆಂಟು ವಾಪಸು ಕೊಡುತ್ತದೆ, ಲಾಬಿಯ ದೀಪಗಳು ಉರಿಯುತ್ತವೆ. ಯೋಜನೆ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಮನೆಗೆಲಸದ ಹೆಂಗಸರಿಗೆ ಇದ್ದದ್ದು ಅದೊಂದೇ ಲಿಫ್ಟು, ಅದು ಮೂಟೆಗಳ ಪಾಲಾಗಿತ್ತು. ಇನ್ನೊಂದರ ಮೇಲೆ ‘ನಿವಾಸಿಗಳಿಗೆ ಮಾತ್ರ’ ಎಂಬ ಬೋರ್ಡಿತ್ತು.

ಈರವ್ವ ಗದಗಿನ ಕಡೆಯವಳು. ಠಾಕುರ್ಲಿಯಿಂದ ಲೋಕಲ್ ರೈಲು ಹಿಡಿದು ಬಂದು, ಹದಿನೆಂಟನೇ ಮಹಡಿಯಲ್ಲಿ ಇದೇ ವಿಷ್ಣುಮೂರ್ತಿಯವರ ಮನೆಗೆ ರೊಟ್ಟಿ ಬಡಿಯುತ್ತಿದ್ದಳು. ಮೈಸೂರಿನವರಾದರೂ ಅವರಿಗೆ ಅವಳ ಜೋಳದ ರೊಟ್ಟಿಯೆಂದರೆ ಪ್ರಾಣ. ಅವಳ ಬಲಮಂಡಿ ಬಾತುಕೊಂಡಿತ್ತು. ಹೀಗೇ ಮೆಟ್ಟಿಲು ಹತ್ತಿದರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಕನ್ನಡದವರು, ತನ್ನ ಕೈಯ ರೊಟ್ಟಿ ತಿಂದವರು, ಇಲ್ಲ ಅನ್ನಲಾರರು ಎಂದು ನಂಬಿ ಅವಳು ಚೀಟಿ ಹಿಡಿದು ಲಿಫ್ಟು ಕೇಳಿದಳು. ಅವರು ಓದಿ, ಅಯ್ಯೋ ಪಾಪ ಎಂದು, ಕಮಿಟಿಯ ಮುಂದಿಡುತ್ತೇನೆಂದು ಮಡಿಸಿ ಜೇಬಿಗೆ ಹಾಕಿಕೊಂಡರು. ಚೀಟಿ ಆ ಜೇಬಿನಿಂದ ಮತ್ತೆ ಹೊರಗೆ ಬರಲಿಲ್ಲ.

ಅಕ್ಕಪಕ್ಕದ ಸೊಸೈಟಿಗಳವರು ಯೋಜನೆ ನೋಡಲು ಬರುವ ಶನಿವಾರವೇ ಮೂಟೆಗಳನ್ನು ಲಿಫ್ಟಿಗೆ ತುಂಬುವ ಗಾಡಿ ಕೆಟ್ಟಿತು. ಮೂಟೆಗಳೆಲ್ಲ ಕೆಳಗೇ ಉಳಿದವು. ವಿಷ್ಣುಮೂರ್ತಿಯವರು ಬೆವೆತುಹೋದರು. ಕೊನೆಗೆ ಕೆಲಸದ ಹೆಂಗಸರನ್ನು ಕರೆಸಿ, ಎಲ್ಲರೂ ಮೇಲೆ ಹೋಗಿ ಸರ್ವಿಸ್ ಲಿಫ್ಟಿನಲ್ಲಿ ಒಟ್ಟಿಗೆ ಇಳಿದುಬನ್ನಿ ಎಂದು ಹಿಂದಿಯಲ್ಲಿ ಹೇಳಿದರು. ಹತ್ತುವುದೂ ಲಿಫ್ಟಿನಲ್ಲೇ ತಾನೆ ಎಂದಳು ಈರವ್ವ. ಹಾಗೆ ಹತ್ತಿದರೆ ಬರುವ ಕರೆಂಟೆಲ್ಲ ಅದಕ್ಕೇ ಹೋಗುತ್ತದೆ, ಲಾಬಿಯ ಮೀಟರಿನಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ ಎಂದರು. ಆಮೇಲೆ ಅವಳೊಬ್ಬಳಿಗೆ, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು:

“ಇದೊಂದು ಮಾಡಿಕೊಡಿ, ಈರವ್ವ. ಸೋಮವಾರದಿಂದ ನಿಮಗೆಲ್ಲ ಲಿಫ್ಟು.”

ಆ ಮಾತಿಗಾಗಿ ಅವಳು ಇಪ್ಪತ್ತೆರಡು ಮಹಡಿ ಹತ್ತಿದಳು. ಹದಿನೈದರ ನಂತರ ಪ್ರತಿ ತಿರುವಿನಲ್ಲೂ ಕೂತು, ಕಂಬಿ ಹಿಡಿದು ಎದ್ದಳು. ಹನ್ನೆರಡು ಹೆಂಗಸರು ಒತ್ತಿಕೊಂಡು ನಿಂತು ಇಳಿದಾಗ ಲಾಬಿಯಲ್ಲಿ ದೀಪ ಹತ್ತಿತು, ಚಪ್ಪಾಳೆ ಬಿತ್ತು. ಬಂದವರು ಮೀಟರಿನ ಫೋಟೊ ತೆಗೆದುಕೊಂಡರು. ಲಿಫ್ಟಿನಿಂದ ಹೊರಬಂದವರ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ಸೋಮವಾರ ಗೇಟಿನಲ್ಲಿ ನೋಟಿಸು ಅಂಟಿತ್ತು. ವಾಚ್‌ಮನ್ ಓದಿ ಹೇಳಿದ: ಕೆಲಸದವರು ಸಂಜೆ ಐದಕ್ಕೆ ಒಟ್ಟಾಗಿ ಸರ್ವಿಸ್ ಲಿಫ್ಟಿನಲ್ಲಿ ಇಳಿಯಬಹುದು, ಹತ್ತಲು ಮೆಟ್ಟಿಲು. ಇಳಿಯುವುದಾದರೂ ಸಿಕ್ಕಿತಲ್ಲ ಎಂದು ಉಳಿದವರು ಖುಷಿಪಟ್ಟರು. ಈರವ್ವ ಮಾತ್ರ ಮೆಟ್ಟಿಲ ಕಡೆ ನಡೆದಳು. ಮೂಟೆ ತಾನೇ ನಡೆದು ಮೇಲೆ ಬರುವುದಾದರೆ ಯಾರಿಗೆ ಬೇಡ? ಮಾತು ಕೊಟ್ಟ ಮನುಷ್ಯ ಮಾತು ಉಳಿಸಿಕೊಂಡಿದ್ದ, ಅರ್ಧ; ತನಗೆ ಲಾಭವಿದ್ದ ಅರ್ಧ.

ಸಂಜೆ ರೊಟ್ಟಿ ಮುಗಿಸಿ, ಬಾಗಿಲು ತೆರೆದು ನಿಂತ ಲಿಫ್ಟನ್ನು ದಾಟಿ ಅವಳು ಮೆಟ್ಟಿಲಿಗೆ ಹೋದಳು. ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋಯುತ್ತಿತ್ತು. ಕೆಳಗೆ ಬರುವಷ್ಟರಲ್ಲಿ ಉಳಿದವರೆಲ್ಲ ಮನೆ ಕಡೆ ಹೊರಟಾಗಿತ್ತು. ಮೀಟರಿನ ಮುಂದೆ ನಿಂತಿದ್ದ ವಿಷ್ಣುಮೂರ್ತಿಯವರು, ಲಿಫ್ಟು ಬಿಟ್ಟಿದ್ದೀನಲ್ಲ, ಯಾಕೆ ಹೀಗೆ ಎಂದು ಕೇಳಿದರು.

“ಏರಿದ್ದು ನನ್ನ ಕಾಲಿಲೆ, ಸಾಹೇಬ್ರ. ಇಳಿಯೂದೂ ಅದ ಕಾಲಿಲೆ ಆಗ್ಲಿ. ನನ್ನ ಭಾರ ನಿಮ್ಮ ದೀಪಕ್ಕ ಕೊಡಂಗಿಲ್ಲ.”

ಅವರು ಮೀಟರಿನತ್ತ ನೋಡಿದರು. ಒಬ್ಬಳ ಭಾರ ತಪ್ಪಿದ್ದು ಅಲ್ಲಿ ಕಾಣಿಸಲೇ ಇಲ್ಲ; ದೀಪಗಳೆಲ್ಲ ಉರಿಯುತ್ತಿದ್ದವು. ಅವಳು ಆ ಬೆಳಕಿನಲ್ಲೇ ಕುಂಟುತ್ತ ಗೇಟಿನವರೆಗೆ ಹೋದಾಗ ಹಿಂದಿನಿಂದ ಅವರು ಕೂಗಿ ಹೇಳಿದರು, ನಾಳೆ ಮನೆಗೆ ಜನ ಬರುತ್ತಾರೆ, ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯಬೇಕೆಂದು.